ಅಜ್ಜಿಯ ಮರೆವು, ಅಶ್ವಗಂಧದ ಬೇರು

ಬ್ಯಾಡಗಿಯಲ್ಲಿ ಸಂಜೆಯ ಹೊತ್ತು. ಪೇಟೆಯ ಗದ್ದಲ ಅಡಗಿದ್ದರೂ ಮೆಣಸಿನಕಾಯಿಯ ಘಾಟು ಮಾತ್ರ ಗಾಳಿಯಲ್ಲಿ ಉಳಿದೇ ಇರುತ್ತದೆ. ಹೊರಗಿನಿಂದ ಬಂದವರು ಊರಿಗೆ ಕಾಲಿಟ್ಟ ಕೂಡಲೇ ಸೀನುತ್ತಾರೆ. ಊರವರಿಗೆ ಅದರ ಅರಿವೇ ಇರುವುದಿಲ್ಲ. ನಾನು ರಾಣೆಬೆನ್ನೂರಿನಿಂದ ಬಂದಿಳಿದು ಸೋದರಮಾವನ ಮನೆಯ ಪಡಸಾಲೆಯನ್ನು ಹೊಕ್ಕಾಗ ಅಜ್ಜಿ ಬಾಗಿಲ ಕಡೆಗೇ ಮುಖ ಮಾಡಿ ಕುಳಿತಿದ್ದಳು. ಮಡಿಲಲ್ಲಿ ಒಂದು ಬಟ್ಟೆಯ ಗಂಟು. ಅದರಲ್ಲಿ ಎರಡು ಸೀರೆ, ಒಂದು ವಿಭೂತಿಗಟ್ಟಿ.

“ನನ್ನ ನಮ್ಮ ಮನಿಗೆ ಮುಟ್ಟಿಸಿ ಬಾರೋ ಯಪ್ಪಾ. ಹೊತ್ತು ಮುಳಗಾಕ ಬಂತು. ಅವ್ವ ದಾರಿ ನೋಡತಿರತಾಳ” ಎಂದಳು.

ಅಜ್ಜಿಗೆ ಈಗ 78 ವರ್ಷ. ಆಕೆಯ ಅವ್ವ ತೀರಿಕೊಂಡು ಅರ್ಧ ಶತಮಾನ ಸಂದಿದೆ. ಆಕೆ ಆಗ ಕುಳಿತಿದ್ದುದು ತಾನು ಸೊಸೆಯಾಗಿ ಬಂದು, ಆರು ಮಕ್ಕಳನ್ನು ಹೆತ್ತು, ಒಂದು ಜೀವಮಾನವನ್ನೇ ಸವೆಸಿದ ಸ್ವಂತ ಮನೆಯಲ್ಲಿ. ನಾನು ಹತ್ತಿರ ಹೋಗಿ ಕುಳಿತೆ. ಆಕೆ ನನ್ನ ಮುಖವನ್ನು ಬಹಳ ಹೊತ್ತು ದಿಟ್ಟಿಸಿ ಕೇಳಿದಳು:

“ನೀ ಯಾರ ಪೈಕಿ?”

ನಮ್ಮ ಕಡೆ ಗುರುತಿಲ್ಲದವರನ್ನು ಕೇಳುವ ಮೊದಲ ಪ್ರಶ್ನೆ ಇದು. ಹತ್ತು ವರ್ಷ ತುಂಬುವವರೆಗೆ ತನ್ನ ಮಗ್ಗುಲಲ್ಲಿಯೇ ಮಲಗಿಸಿಕೊಂಡು ಬೆಳೆಸಿದ ಮೊಮ್ಮಗನನ್ನು ಆಕೆ ಅದೇ ಪ್ರಶ್ನೆ ಕೇಳಿದಳು. ಉತ್ತರ ಕೊಡಲು ನನಗೆ ಕೂಡಲೇ ನಾಲಗೆ ಹೊರಳಲಿಲ್ಲ.

ಇದು ಒಂದೇ ದಿನದಲ್ಲಿ ಆದದ್ದಲ್ಲ. ಮೂರು ವರ್ಷಗಳ ಹಿಂದೆ ಸಾರಿಗೆ ಎರಡು ಸಲ ಉಪ್ಪು ಬಿದ್ದಿತು, ನಾವು ನಕ್ಕೆವು. ಹಾಲಿನವನಿಗೆ ಒಂದೇ ತಿಂಗಳಲ್ಲಿ ಎರಡು ಸಲ ಹಣ ಹೋಯಿತು. ಹಾಲಿನವನೇ ಪ್ರಾಮಾಣಿಕ, ಹಿಂದಿರುಗಿಸಿದ. ಆಮೇಲೊಂದು ದಿನ ಮಠಕ್ಕೆ ಹೋದವಳು ದಾರಿ ತಪ್ಪಿ ಪೇಟೆಯ ಆಚೆಯ ರಸ್ತೆಯಲ್ಲಿ ನಿಂತಿದ್ದಳು. ಆಗ ನಗು ನಿಂತಿತು. ಆದರೂ ನೆಂಟರಿಷ್ಟರ ಬಾಯಲ್ಲಿ ಒಂದೇ ಸಮಾಧಾನ: “ಅರವತ್ತಕ್ಕೆ ಅರಳು ಮರಳು ಅಂತಾರ. ಎಪ್ಪತ್ತೆಂಟಕ್ಕೆ ಇನ್ನೇನು?”

ಆ ಸಂಜೆ ಮಾವ ಕಪಾಟಿನಿಂದ ಒಂದು ಡಬ್ಬಿ ತೆಗೆದು ನನ್ನ ಮುಂದಿಟ್ಟರು. ಹಾವೇರಿಯ ಬೀಗರೊಬ್ಬರು ಕಳುಹಿಸಿದ ಅಶ್ವಗಂಧದ ಪುಡಿ. ಅದರೊಡನೆ ಮೊಬೈಲಿಗೆ ಒಂದು ಸಂದೇಶವೂ ಬಂದಿತ್ತು. ಅಶ್ವಗಂಧದಿಂದ ಮರೆವಿನ ರೋಗ ಗುಣವಾಗುತ್ತದೆಂದು ಬೆಂಗಳೂರಿನ ವಿಜ್ಞಾನಿಗಳೇ ಕಂಡುಹಿಡಿದಿದ್ದಾರೆ ಎಂಬುದು ಅದರ ಸಾರಾಂಶ. ಇಪ್ಪತ್ತು ದಿನಗಳಿಂದ ಬೆಳಿಗ್ಗೆ ಸಂಜೆ ಹಾಲಿನಲ್ಲಿ ಕದಡಿ ಕೊಡುತ್ತಿದ್ದರಂತೆ.

“ನೀ ಓದಿದಾಂವ. ಇದು ಖರೇನೋ ಸುಳ್ಳೋ ನೋಡಿ ಹೇಳು” ಎಂದರು ಮಾವ.

ನಾನು ಓದಿರುವುದು ಕನ್ನಡ. ಹಳಗನ್ನಡದ ಪದ್ಯವನ್ನು ಬಿಡಿಸಬಲ್ಲೆನೇ ಹೊರತು ಮಿದುಳನ್ನಲ್ಲ. ಆದರೆ ಮಾವನ ಕಣ್ಣಿನಲ್ಲಿದ್ದ ಆಸೆಗೆ ಹಾಗೆಂದು ಹೇಳಿ ಜಾರಿಕೊಳ್ಳಲಾಗಲಿಲ್ಲ. ಅಂದಿನಿಂದ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ. ಇಂಥ ಡಬ್ಬಿ ಇಂದು ನಮ್ಮ ಮನೆಯಲ್ಲಿ ಮಾತ್ರವೇ ಇರಲಾರದು.

ಅರಳು ಮರಳೇ, ಕಾಯಿಲೆಯೇ?

ಅರಳು ಮರಳು ಎಂಬ ಮಾತು ಕೇಳುವುದಕ್ಕೆ ಮುದ್ದಾಗಿದೆ. ಆದರೆ ಆ ಮುದ್ದಿನ ಮರೆಯಲ್ಲಿ ಒಂದು ಕಾಯಿಲೆ ಅವಿತುಕೊಂಡುಬಿಡುತ್ತದೆ. ವಯಸ್ಸಾದಂತೆ ಹೆಸರುಗಳು ನಾಲಗೆಯ ತುದಿಯಲ್ಲಿ ನಿಲ್ಲುವುದು, ಕನ್ನಡಕ ಇಟ್ಟ ಜಾಗ ಮರೆಯುವುದು ಸಹಜ. ಕನ್ನಡಕವೆಂದರೆ ಏನೆಂಬುದೇ ಮರೆತರೆ ಅದು ಸಹಜವಲ್ಲ.

1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ 51 ವರ್ಷದ ಹೆಂಗಸೊಬ್ಬಳನ್ನು ಕರೆತಂದರು. ಹೆಸರು ಆಗಸ್ಟೆ. ಕೇಳಿದ ಪ್ರಶ್ನೆಯೂ ಕೊಟ್ಟ ಉತ್ತರವೂ ಆಕೆಗೆ ಮರುಕ್ಷಣವೇ ಮರೆತುಹೋಗುತ್ತಿದ್ದವು. ಆಲೋಯ್ಸ್ ಆಲ್ಜೈಮರ್ ಎಂಬ ವೈದ್ಯರು ಆಕೆಯನ್ನು ಪರೀಕ್ಷಿಸಿ ಎಲ್ಲವನ್ನೂ ಬರೆದಿಟ್ಟರು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಆಕೆಯ ಮಿದುಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ನರಕೋಶಗಳ ನಡುವೆ ಗಸಿಯಂತೆ ಗಂಟುಗಟ್ಟಿದ ಕಲೆಗಳೂ, ಕೋಶಗಳ ಒಳಗೆ ಸಿಕ್ಕುಬಿದ್ದ ದಾರದಂಥ ಎಳೆಗಳೂ ಕಂಡವು. ಮುಂದೆ ಆ ಕಾಯಿಲೆಗೆ ಅವರ ಹೆಸರೇ ನಿಂತಿತು. ಆ ಗಸಿಯ ಮುಖ್ಯ ದ್ರವ್ಯ ಅಮೈಲಾಯ್ಡ್ ಎಂಬ ಪ್ರೋಟೀನಿನ ಚೂರು ಎಂಬುದು ಇಂದು ತಿಳಿದಿದೆ.

ಇದು ಪಾಶ್ಚಾತ್ಯರ ರೋಗವೆಂದು ನಾವು ನೆಮ್ಮದಿಯಿಂದಿರುವಂತಿಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ 60 ವರ್ಷ ದಾಟಿದವರ ಪೈಕಿ ನೂರಕ್ಕೆ 7.4 ಮಂದಿಗೆ ಮರೆಗುಳಿ ರೋಗವಿದೆ. ಒಟ್ಟು 88 ಲಕ್ಷ ಜನ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಹೆಚ್ಚು. ಮರೆಗುಳಿ ರೋಗಕ್ಕೆ ಹಲವು ಕಾರಣಗಳಿವೆ. ಅವುಗಳಲ್ಲಿ ಅತಿ ಸಾಮಾನ್ಯವಾದುದು ಆಲ್ಜೈಮರ್.

ಇನ್ನು ಆ ಸಂದೇಶ. ಅದರಲ್ಲಿ ಹೇಳಿದ ‘ಬೆಂಗಳೂರಿನ ವಿಜ್ಞಾನಿಗಳು’ ಕಟ್ಟುಕಥೆಯಲ್ಲ. ಸಂಶೋಧನೆ ನಡೆದದ್ದು ನಿಜ. ಅದನ್ನು ಮುನ್ನಡೆಸಿದವರು ನರವಿಜ್ಞಾನದ ಪ್ರಾಧ್ಯಾಪಿಕೆ ಡಾ. ವಿಜಯಲಕ್ಷ್ಮಿ ರವೀಂದ್ರನಾಥ್.

ಅರಿಸಿನದಿಂದ ಆರಂಭ

ಅವರ ವೈಜ್ಞಾನಿಕ ಜೀವನದ ಮೊದಲ ಅಧ್ಯಾಯ ತೆರೆದುಕೊಂಡದ್ದು ಮೈಸೂರಿನಲ್ಲಿ, ಅದೂ ಅಡುಗೆಮನೆಯ ಅರಿಸಿನದ ಡಬ್ಬಿಯಿಂದ ಎಂದರೆ ತಪ್ಪಾಗದು. ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಅವರು ಕೈಗೊಂಡ ವಿಷಯ ಅರಿಸಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಎಂಬ ಪದಾರ್ಥ. ನಾವು ನುಂಗಿದ ಅರಿಸಿನ ಎಲ್ಲಿಗೆ ಹೋಗುತ್ತದೆ? ಎಷ್ಟು ರಕ್ತಕ್ಕೆ ಸೇರುತ್ತದೆ, ಎಷ್ಟು ರೂಪಾಂತರ ಹೊಂದುತ್ತದೆ, ಎಷ್ಟು ಸುಮ್ಮನೆ ಹೊರಬೀಳುತ್ತದೆ? 1980ರ ಹಾಗೂ ಅದರ ಮರುವರ್ಷಗಳ ಪ್ರಬಂಧಗಳಲ್ಲಿ ಅವರೂ ಅವರ ಮಾರ್ಗದರ್ಶಕರೂ ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ ಸಂಗತಿ ಇದು: ಬಾಯಿಂದ ಕೊಟ್ಟ ಕರ್ಕ್ಯುಮಿನ್ ರಕ್ತದಲ್ಲಿ ಅದೇ ರೂಪದಲ್ಲಿ ಸಿಗುವುದು ಅತ್ಯಲ್ಪ. ಅರಿಸಿನವನ್ನು ಸರ್ವರೋಗಹರವೆಂದು ಕೊಂಡಾಡುವವರು ಇಂದಿಗೂ ಉತ್ತರಿಸಬೇಕಾದ ಪ್ರಶ್ನೆ ಅದೇ.

ಮೈಸೂರು ವಿಶ್ವವಿದ್ಯಾನಿಲಯದಿಂದ 1981ರಲ್ಲಿ ಡಾಕ್ಟರೇಟ್ ಪಡೆದು, ಅಮೆರಿಕದಲ್ಲಿ ಕೆಲಕಾಲ ಸಂಶೋಧನೆ ನಡೆಸಿ, ಅವರು ಬೆಂಗಳೂರಿನ ನಿಮ್ಹಾನ್ಸ್ ಸೇರಿದರು. 1996ರಲ್ಲಿ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿ ಬಂದಿತು. ಹರಿಯಾಣದ ಮಾನೇಸರದಲ್ಲಿ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 1999ರಲ್ಲಿ ಸ್ಥಾಪನೆಯಾದಾಗ ಅದರ ಮೊದಲ ನಿರ್ದೇಶಕಿಯಾಗಿ ಹತ್ತು ವರ್ಷ ಅದನ್ನು ಕಟ್ಟಿದರು. 2009ರಲ್ಲಿ ಬೆಂಗಳೂರಿಗೆ ಮರಳಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನರವಿಜ್ಞಾನ ವಿಭಾಗವನ್ನು ಆರಂಭಿಸಿದರು. 2010ರಲ್ಲಿ ಪದ್ಮಶ್ರೀ ಗೌರವ ಸಂದಿತು.

ಪದವಿ ಪ್ರಶಸ್ತಿಗಳ ಪಟ್ಟಿಯನ್ನು ಇಲ್ಲಿಗೇ ಬಿಡೋಣ. ನನಗೆ ಸೋಜಿಗವೆನಿಸಿದ್ದು ಬೇರೆ. ಮೈಸೂರಿನಲ್ಲಿ ಅರಿಸಿನವನ್ನು ಕುರಿತು ಕೇಳಿದ ಪ್ರಶ್ನೆಯನ್ನೇ, ನುಂಗಿದ್ದು ಮೈಯಲ್ಲಿ ಎಲ್ಲಿಗೆ ಹೋಗಿ ಏನಾಗುತ್ತದೆ ಎಂಬುದನ್ನೇ, ಅವರು ಮುಂದೆ ಮಿದುಳಿಗೂ ಕೇಳಿದರು.

ಮಿದುಳಿಗೂ ತನ್ನದೇ ಪಾಕಶಾಲೆ

ನಾವು ನುಂಗುವ ಗುಳಿಗೆಯನ್ನು ಒಡೆದು, ಬದಲಿಸಿ, ಹೊರಹಾಕುವ ಕೆಲಸ ಬಹುಮಟ್ಟಿಗೆ ಯಕೃತ್ತಿನದು. ಮನೆಮಾತಿನಲ್ಲಿ ಲಿವರ್ ಎನ್ನುತ್ತೇವೆ. ಅಲ್ಲಿ ಸೈಟೋಕ್ರೋಮ್ ಪಿ-450 ಎಂಬ ಕಿಣ್ವಗಳ ದೊಡ್ಡ ಬಳಗವೇ ಇದೆ. ಮಿದುಳಿಗೆ ಇದರಲ್ಲಿ ಹೇಳಿಕೊಳ್ಳುವಂಥ ಪಾತ್ರವಿಲ್ಲವೆಂದೇ ಬಹುಕಾಲ ಭಾವಿಸಲಾಗಿತ್ತು. ಅಡುಗೆಯೆಲ್ಲ ಯಕೃತ್ತಿನಲ್ಲಿ, ಮಿದುಳಿನದು ಬರಿಯ ಊಟ ಎಂಬಂತೆ.

ನಿಮ್ಹಾನ್ಸ್‌ನಲ್ಲಿ ವಿಜಯಲಕ್ಷ್ಮಿಯವರ ತಂಡ ಇಲಿಯ ಮಿದುಳನ್ನೂ, ಮರಣೋತ್ತರ ಪರೀಕ್ಷೆಯ ಕಾಲಕ್ಕೆ ದೊರೆತ ಮನುಷ್ಯರ ಮಿದುಳನ್ನೂ ಪರೀಕ್ಷಿಸಿ ಅಲ್ಲಿಯೂ ಆ ಕಿಣ್ವಗಳಿರುವುದನ್ನು ತೋರಿಸಿತು. ಪ್ರಮಾಣ ಚಿಕ್ಕದು, ಆದರೆ ಮಿದುಳಿನ ಎಲ್ಲ ಭಾಗಗಳಲ್ಲಿ ಒಂದೇ ಸಮನಾಗಿಲ್ಲ. ಒಂದೇ ಔಷಧ ಮಿದುಳಿನ ಒಂದು ಕೋಣೆಯಲ್ಲಿ ಒಂದು ರೀತಿ, ಪಕ್ಕದ ಕೋಣೆಯಲ್ಲಿ ಮತ್ತೊಂದು ರೀತಿ ಬದಲಾಗಬಹುದು. ರಕ್ತಪರೀಕ್ಷೆಯೊಂದನ್ನೇ ನೋಡಿ ಮಿದುಳಿನಲ್ಲಿ ಔಷಧ ಏನು ಮಾಡುತ್ತಿದೆಯೆಂದು ಪೂರ್ತಿಯಾಗಿ ಹೇಳಲಾಗದು ಎಂಬ ಪಾಠ ಇದರಿಂದ ದೊರೆಯಿತು.

ಬರಗಾಲದ ದಿನಗಳಲ್ಲಿ ಮಧ್ಯಭಾರತದ ಬಡವರು ಹೊಟ್ಟೆಪಾಡಿಗೆ ತಿನ್ನುತ್ತಿದ್ದ ಕೇಸರಿಬೇಳೆಯ ವಿಷಯವನ್ನೂ ಅವರು ಕೈಗೆತ್ತಿಕೊಂಡರು. ಅದನ್ನೇ ತಿಂಗಳುಗಟ್ಟಲೆ ತಿಂದವರಿಗೆ ಕಾಲುಗಳ ಬಲ ಹೋಗಿ ಊರುಗೋಲು ಹಿಡಿಯಬೇಕಾಗುತ್ತದೆ. ಆ ಬೇಳೆಯ ನಂಜು ನರಕೋಶದ ಶಕ್ತಿಯ ಒಲೆಯನ್ನೇ, ಮೈಟೋಕಾಂಡ್ರಿಯವೆಂಬ ಅಂಗವನ್ನೇ, ಕೆಡಿಸುತ್ತದೆ ಎಂಬುದನ್ನು ಅವರ ಪ್ರಯೋಗಗಳು ತೋರಿಸಿದವು. ಇಲ್ಲಿಯೂ ಅದೇ ಪ್ರಶ್ನೆ: ತಿಂದದ್ದು ಎಲ್ಲಿ ಹೋಗಿ ಯಾರನ್ನು ತಟ್ಟಿತು?

ಬೇರಿನ ಕೆಲಸ ಎಲ್ಲಿ?

ಈಗ ಅಶ್ವಗಂಧಕ್ಕೆ ಬರೋಣ. ಕನ್ನಡದಲ್ಲಿ ಹಿರೇಮದ್ದಿನ ಗಿಡವೆಂಬ ಅಂದವಾದ ಹೆಸರು ಅದಕ್ಕಿದೆ. ಹಸಿಬೇರಿಗೆ ಕುದುರೆಯ ವಾಸನೆ ಇರುವುದರಿಂದ ಸಂಸ್ಕೃತದ ಹೆಸರು ಬಂದಿತೆನ್ನುತ್ತಾರೆ. ಸಸ್ಯಶಾಸ್ತ್ರಜ್ಞರ ಲೆಕ್ಕದಲ್ಲಿ ಇದು ಬದನೆ, ಟೊಮೆಟೊ, ಮೆಣಸಿನಕಾಯಿಗಳ ಕುಟುಂಬಕ್ಕೆ ಸೇರಿದ್ದು. ಅಂದರೆ ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಇದು ದಾಯಾದಿ! ಆಯುರ್ವೇದದಲ್ಲಿ ಬಲವರ್ಧಕವೆಂದು ಇದಕ್ಕೆ ಹಳೆಯ ಮನ್ನಣೆಯಿದೆ.

ವಿಜಯಲಕ್ಷ್ಮಿಯವರ ತಂಡ ಈ ಬೇರಿನಿಂದ ಅರೆಶುದ್ಧೀಕರಿಸಿದ ಸಾರವೊಂದನ್ನು ತಯಾರಿಸಿತು. ಅದನ್ನು ಕೊಟ್ಟದ್ದು ವಿಶೇಷ ಜಾತಿಯ ಚಿಟ್ಟಿಲಿಗಳಿಗೆ. ಆಲ್ಜೈಮರ್ ಕಾಯಿಲೆಯನ್ನು ವಂಶಪಾರಂಪರ್ಯವಾಗಿ ತರುವ ಮನುಷ್ಯರ ಎರಡು ವಂಶವಾಹಿಗಳನ್ನು ಆ ಇಲಿಗಳಲ್ಲಿ ಸೇರಿಸಲಾಗಿತ್ತು. ಆದ್ದರಿಂದ ಅವುಗಳ ಮಿದುಳಿನಲ್ಲಿ ನಡುವಯಸ್ಸಿಗೇ ಅಮೈಲಾಯ್ಡ್ ಗಸಿ ಕಟ್ಟುತ್ತದೆ. ಹಲವು ಕವಲುಗಳ ಚಕ್ರವ್ಯೂಹದಲ್ಲಿ ತಿನಿಸು ಎಲ್ಲಿದೆಯೆಂದು ಕಲಿಸಿದರೂ ನೆನಪಿಡಲಾರವು. ದಾರಿ ತಪ್ಪಿ ನಿಲ್ಲುತ್ತವೆ; ಮಠದಿಂದ ಮರಳಲಾಗದೆ ನಿಂತ ನನ್ನ ಅಜ್ಜಿಯಂತೆ.

ಮೂವತ್ತು ದಿನ ಬಾಯಿಯ ಮೂಲಕ ಸಾರವನ್ನು ಕೊಟ್ಟ ಮೇಲೆ ಆ ಇಲಿಗಳು ದಾರಿಯನ್ನು ಮತ್ತೆ ಕಲಿತವು. ಮಿದುಳಿನ ಗಸಿಯೂ ಇಳಿದಿತ್ತು. 2012ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಈ ಪ್ರಬಂಧ ಪ್ರಕಟವಾದಾಗ ಜಗತ್ತು ತಿರುಗಿ ನೋಡಿತು. ಆದರೆ ಬಲ್ಲವರ ಹುಬ್ಬು ಮೇಲೇರಿದ್ದು ಇಲಿ ದಾರಿ ಕಂಡುಕೊಂಡದ್ದಕ್ಕಷ್ಟೇ ಅಲ್ಲ. ಬೇರು ಕೆಲಸ ಮಾಡಿದ್ದು ಮಿದುಳಿನಲ್ಲಲ್ಲ, ಯಕೃತ್ತಿನಲ್ಲಿ!

ಇದನ್ನು ಬಚ್ಚಲುಮನೆಯ ಉದಾಹರಣೆಯಿಂದ ವಿವರಿಸಬಹುದು. ಬಚ್ಚಲಲ್ಲಿ ನೀರು ನಿಲ್ಲುತ್ತದೆ. ನಾವು ಒಳಗೇ ಕಡ್ಡಿ ಹಾಕಿ ಕೆದಕುತ್ತೇವೆ. ಅನುಭವಸ್ಥ ಹಿರಿಯರು ಹೊರಗೆ ಹೋಗಿ ಬೀದಿಯ ಮೋರಿಯ ಹೂಳು ತೆಗೆಸುತ್ತಾರೆ. ಒಳಗಿನ ನೀರು ತಾನಾಗಿ ಇಳಿಯುತ್ತದೆ. ಮಿದುಳಿನಲ್ಲಿ ಹುಟ್ಟುವ ಅಮೈಲಾಯ್ಡಿನ ಒಂದು ಪಾಲು ರಕ್ತಕ್ಕೆ ದಾಟಿ ಯಕೃತ್ತಿನಲ್ಲಿ ವಿಲೇವಾರಿಯಾಗುತ್ತದೆ. ಅದನ್ನು ಹಿಡಿದು ಸಾಗಿಸುವ ಎಲ್‌ಆರ್‌ಪಿ ಎಂಬ ಪ್ರೋಟೀನ್ ಒಂದಿದೆ. ಅಶ್ವಗಂಧದ ಸಾರ ಯಕೃತ್ತಿನಲ್ಲಿ ಈ ಪ್ರೋಟೀನನ್ನು ಹೆಚ್ಚಿಸಿತು. ರಕ್ತದಲ್ಲಿಯೂ ಅದು ಹೆಚ್ಚಿ, ಅಮೈಲಾಯ್ಡನ್ನು ಮಿದುಳಿನಿಂದ ಹೊರಕ್ಕೆ ಸೆಳೆಯಿತು. ಇದು ಊಹೆಯಲ್ಲವೆಂದು ಖಚಿತಪಡಿಸಿಕೊಳ್ಳಲು ಅವರು ಇನ್ನೊಂದು ಪರೀಕ್ಷೆ ಮಾಡಿದರು: ಯಕೃತ್ತಿನಲ್ಲಿ ಮಾತ್ರ ಆ ಪ್ರೋಟೀನಿನ ಉತ್ಪತ್ತಿಯನ್ನು ತಗ್ಗಿಸಿದರು. ಬೇರಿನ ಸಾರ ಕೊಟ್ಟರೂ ಫಲ ಕುಗ್ಗಿಹೋಯಿತು.

ಮಿದುಳಿನೊಳಕ್ಕೆ ಔಷಧವನ್ನು ತಲುಪಿಸುವುದು ಬಹಳ ಕಷ್ಟ. ಅದರ ರಕ್ತನಾಳಗಳ ಗೋಡೆ ಕೋಟೆಯ ಬಾಗಿಲಿನ ಕಾವಲಿನಂತೆ ಹೆಚ್ಚಿನ ಪದಾರ್ಥಗಳನ್ನು ತಡೆಯುತ್ತದೆ. ಕೋಟೆಯನ್ನು ಹೊಗದೆಯೇ ಒಳಗಿನ ಕಸ ತೆಗೆಯುವ ದಾರಿ ಇದ್ದೀತು ಎಂಬುದೇ ಈ ಸಂಶೋಧನೆಯ ಹಿರಿಮೆ.

ಇಲಿಗೂ ಅಜ್ಜಿಗೂ ನಡುವೆ

ಇಷ್ಟನ್ನು ಕೇಳಿ ಮಾವನ ಮುಖ ಅರಳಿತು. “ಹಂಗಾದ್ರ ಪುಡಿ ಕೊಡೂದು ಚಲೋ ಆತಲ್ಲ?”

ಇಲ್ಲಿಯೇ ನಾವು ನಿಂತು ಯೋಚಿಸಬೇಕು. ಪ್ರಯೋಗ ನಡೆದದ್ದು ಇಲಿಗಳ ಮೇಲೆ. ಮನುಷ್ಯರಲ್ಲಿ ಆಲ್ಜೈಮರ್ ಕಾಯಿಲೆಯನ್ನು ಅಶ್ವಗಂಧ ಹಿಮ್ಮೆಟ್ಟಿಸುತ್ತದೆಂದು ಇದುವರೆಗೂ ಸಿದ್ಧವಾಗಿಲ್ಲ. ಇಲಿಯನ್ನು ದಾಟಿದ್ದೆಲ್ಲ ಮನುಷ್ಯನನ್ನು ಮುಟ್ಟುವುದಿಲ್ಲ. 2002ರಿಂದ 2012ರವರೆಗಿನ ಹತ್ತು ವರ್ಷಗಳ ಲೆಕ್ಕವನ್ನು ವಿದ್ವಾಂಸರು ತೆಗೆದಿದ್ದಾರೆ. ಆ ಅವಧಿಯಲ್ಲಿ ಆಲ್ಜೈಮರ್ ರೋಗಿಗಳ ಮೇಲೆ ಪರೀಕ್ಷೆಗೆ ಬಂದ ಔಷಧಗಳು 244. ಅಂಗೀಕಾರ ಪಡೆದದ್ದು ಒಂದೇ ಒಂದು. ಸೋತವುಗಳಲ್ಲಿ ಎಷ್ಟೋ ಔಷಧಗಳು ಇಲಿಗಳಲ್ಲಿ ಗೆದ್ದೇ ಬಂದಿದ್ದವು.

ಎರಡನೆಯದಾಗಿ, ಪ್ರಯೋಗಶಾಲೆಯ ಸಾರ ಬೇರೆ, ಡಬ್ಬಿಯ ಪುಡಿ ಬೇರೆ. ಅಲ್ಲಿ ಯಾವ ಅಂಶ ಎಷ್ಟಿದೆಯೆಂದು ಅಳೆದಿರುತ್ತಾರೆ. ಅಂಗಡಿಯ ಪುಡಿಯಲ್ಲಿ ಮಣ್ಣು, ಕಾಲ, ಕಟಾವಿನಂತೆ ಅಂಶ ಏರಿಳಿಯುತ್ತದೆ. ಬ್ಯಾಡಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲ ಮೆಣಸಿನಕಾಯಿಯೂ ಕೆಂಪೇ. ಆದರೆ ಬ್ಯಾಡಗಿಯ ಬಣ್ಣವೂ ಹದವಾದ ಖಾರವೂ ಬೇರೆಯದಕ್ಕೆ ಬರುವುದಿಲ್ಲವೆಂದೇ 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ದೊರೆತದ್ದು.

ಮೂರನೆಯದು ಅಪಾಯದ ಮಾತು. ಸಸ್ಯಮೂಲದ್ದಾದ್ದರಿಂದ ನಿರಪಾಯವೆಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಅಶ್ವಗಂಧ ಥೈರಾಯ್ಡ್ ರಸವನ್ನು ಹೆಚ್ಚಿಸಬಹುದು. ರಕ್ತದ ಸಕ್ಕರೆಯನ್ನೂ ಒತ್ತಡವನ್ನೂ ಇಳಿಸಬಹುದು. ಅಪರೂಪಕ್ಕೆ ಯಕೃತ್ತಿಗೇ ಪೆಟ್ಟಾದ ನಿದರ್ಶನಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ನನ್ನ ಅಜ್ಜಿ ಸಕ್ಕರೆ ಕಾಯಿಲೆಯ ಗುಳಿಗೆ ತಿನ್ನುವವಳು. ಪುಡಿ ಆರಂಭಿಸಿದ ಮೇಲೆ ಎರಡು ಸಲ ಬೆವತು, ತಲೆ ತಿರುಗಿ ಕುಸಿದಿದ್ದಳು. ಪುಡಿಯೇ ಅದಕ್ಕೆ ಕಾರಣವೆಂದು ನಾನು ಹೇಳಲಾರೆ. ಆದರೆ ಅದನ್ನು ಕೊಡುತ್ತಿರುವ ಸಂಗತಿಯನ್ನು ನಾವು ಯಾವ ವೈದ್ಯರಿಗೂ ತಿಳಿಸಿರಲಿಲ್ಲ ಎಂಬ ತಪ್ಪು ಮಾತ್ರ ನಮ್ಮದೇ.

ಹಾಗೆಂದು ಗಿಡಮೂಲಿಕೆಯಿಂದ ಮಿದುಳಿನ ಮದ್ದು ಬರಲಾರದೆಂದು ಹಳಿಯುವುದೂ ಸಲ್ಲದು. ಹಿಮದ ನಾಡಿನ ಸ್ನೋಡ್ರಾಪ್ ಎಂಬ ಪುಟ್ಟ ಹೂಗಿಡದ ಗಡ್ಡೆಯಿಂದ 1950ರ ದಶಕದಲ್ಲಿ ಬೇರ್ಪಡಿಸಿದ ಗ್ಯಾಲಂಟಮೀನ್ 2001ರಲ್ಲಿ ಅಮೆರಿಕದಲ್ಲಿ ಆಲ್ಜೈಮರ್ ಔಷಧವಾಗಿ ಅಂಗೀಕೃತವಾಯಿತು. ನಮ್ಮ ಸರ್ಪಗಂಧಿಯ ಬೇರಿನಿಂದ 1952ರಲ್ಲಿ ಪ್ರತ್ಯೇಕಿಸಿದ ರಿಸರ್ಪಿನ್ ಮನೋರೋಗಗಳ ಚಿಕಿತ್ಸೆಯಲ್ಲಿ ಹೊಸ ಯುಗವನ್ನೇ ತೆರೆಯಿತು. ಆದರೆ ಎರಡೂ ಕಡೆ ಗಿಡದಿಂದ ಒಂದು ಅಂಶವನ್ನು ಬೇರ್ಪಡಿಸಿ, ಪ್ರಮಾಣ ಗೊತ್ತುಮಾಡಿ, ಮನುಷ್ಯರಲ್ಲಿ ಪರೀಕ್ಷಿಸಿದ ಮೇಲೆಯೇ ಅದು ಔಷಧವಾಯಿತು.

ಇಂದು ದೊರೆಯುವ ಡೊನೆಪೆಜಿಲ್‌ನಂಥ ಗುಳಿಗೆಗಳು ಕೆಲವರಲ್ಲಿ ಕೆಲಕಾಲ ನೆನಪಿಗೆ ಊರುಗೋಲಾಗುತ್ತವೆ, ರೋಗವನ್ನು ತಡೆಯುವುದಿಲ್ಲ. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅಂಗೀಕಾರ ಪಡೆದ ಲೆಕಾನೆಮ್ಯಾಬ್ ಎಂಬ ಚುಚ್ಚುಮದ್ದು ಅಮೈಲಾಯ್ಡನ್ನು ತೊಳೆಯುತ್ತದೆ. ರೋಗದ ಮೊದಲ ಹಂತದಲ್ಲಿದ್ದವರಿಗೆ 18 ತಿಂಗಳು ಕೊಟ್ಟಾಗ ಇಳಿಜಾರಿನ ವೇಗ ನೂರಕ್ಕೆ 27ರಷ್ಟು ತಗ್ಗಿತು. ನಿಲ್ಲಲಿಲ್ಲ. ವೆಚ್ಚ ಬಹಳ, ಮಿದುಳು ಬಾಯುವ, ರಕ್ತ ಜಿನುಗುವ ಭಯವೂ ಉಂಟು.

ಹಾವೇರಿಯಲ್ಲಿ ಕಲಿತ ಪಾಠ

ಮರುವಾರ ಅಜ್ಜಿಯನ್ನು ಹಾವೇರಿಯ ವೈದ್ಯರೊಬ್ಬರ ಬಳಿಗೆ ಕರೆದೊಯ್ದೆವು. ಅವರು ಮೊದಲು ಮಿದುಳಿನ ಮಾತೆತ್ತಲಿಲ್ಲ. ರಕ್ತ, ಥೈರಾಯ್ಡ್, ಬಿ-12 ಜೀವಸತ್ವ, ಸಕ್ಕರೆ, ಒತ್ತಡ ಇವನ್ನೆಲ್ಲ ನೋಡಬೇಕೆಂದರು. ಮರೆವಿನಂತೆ ತೋರುವ ಎಷ್ಟೋ ತೊಂದರೆಗಳು ಇವುಗಳಿಂದ ಹುಟ್ಟುತ್ತವೆ, ಇವು ಗುಣವಾಗುವಂಥವು ಎಂದು ವಿವರಿಸಿದರು. ಆಮೇಲೆ ಅಜ್ಜಿಯ ಬೆನ್ನ ಹಿಂದೆ ನಿಂತು ಮೆಲ್ಲಗೆ ಆಕೆಯ ಹೆಸರು ಕರೆದರು. ಅಜ್ಜಿ ತಿರುಗಲಿಲ್ಲ.

“ಇವರಿಗೆ ಕಿವಿ ಕೇಳೂದಿಲ್ಲ ಅಂತ ನಿಮಗ ಗೊತ್ತಿತ್ತೇನು?” ಎಂದು ಕೇಳಿದರು.

ಗೊತ್ತಿತ್ತು. ಎಷ್ಟೋ ವರ್ಷದಿಂದ ಗೊತ್ತಿತ್ತು. ವಯಸ್ಸಿನ ಕಿವುಡೆಂದು ಬಿಟ್ಟಿದ್ದೆವು. ಕೂಗಿ ಹೇಳುವ ಬೇಸರಕ್ಕೆ ಮಾತನ್ನೇ ಕಡಿಮೆ ಮಾಡಿದ್ದೆವು. ಮನೆ ತುಂಬ ಜನರಿದ್ದರೂ ಅಜ್ಜಿ ಒಬ್ಬಳೇ ಇದ್ದಳು.

ಲ್ಯಾನ್ಸೆಟ್ ಪತ್ರಿಕೆ ನೇಮಿಸಿದ ತಜ್ಞರ ಮಂಡಳಿ 2024ರ ತನ್ನ ವರದಿಯಲ್ಲಿ ಮರೆಗುಳಿ ರೋಗಕ್ಕೆ ದಾರಿಮಾಡಿಕೊಡುವ, ಆದರೆ ನಾವು ತಿದ್ದಬಹುದಾದ 14 ಅಂಶಗಳನ್ನು ಹೆಸರಿಸಿದೆ. ಕಿವುಡು, ದೃಷ್ಟಿದೋಷ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಬ್ಬು, ಬೊಜ್ಜು, ಧೂಮಪಾನ, ಮದ್ಯ, ತಲೆಗೆ ಪೆಟ್ಟು, ಕೊಳಕು ಗಾಳಿ, ವ್ಯಾಯಾಮವಿಲ್ಲದಿರುವುದು, ಮನೋವ್ಯಥೆ, ಒಂಟಿತನ, ಎಳವೆಯಲ್ಲಿ ವಿದ್ಯೆ ದೊರೆಯದಿರುವುದು. ಇವೆಲ್ಲವನ್ನೂ ಸರಿಪಡಿಸಿದರೆ ನೂರಕ್ಕೆ ಸುಮಾರು 45 ಪ್ರಕರಣಗಳನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದೆಂದು ಅದರ ಅಂದಾಜು. ಪಟ್ಟಿಯನ್ನು ಓದುವಾಗ ಅಜ್ಜಿಯ ಬಾಳೇ ಕಣ್ಣ ಮುಂದೆ ಬಂದಿತು. ಶಾಲೆಯ ಮೆಟ್ಟಿಲು ಹತ್ತದವಳು, ಸಕ್ಕರೆ ಕಾಯಿಲೆಯವಳು, ಕಿವಿ ಕೇಳದವಳು, ಅಜ್ಜ ಹೋದ ಮೇಲೆ ಮೂಲೆ ಹಿಡಿದವಳು.

ಮಾವಿನ ನಾಡಿನ ಹಳ್ಳಿಗಳು

ವಿಜಯಲಕ್ಷ್ಮಿಯವರ ಹುಡುಕಾಟವೂ ಪ್ರಯೋಗಶಾಲೆಯ ಇಲಿಯ ಬಳಿ ನಿಲ್ಲದೆ ಹಳ್ಳಿಯ ಅಜ್ಜಿಯರ ಬಳಿಗೇ ಬಂದಿತು. ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ಅವರ ಪ್ರತೀಕ್ಷಾ ಟ್ರಸ್ಟಿನ ಉದಾರ ನೆರವಿನಿಂದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮಿದುಳು ಸಂಶೋಧನಾ ಕೇಂದ್ರವೊಂದು ಹುಟ್ಟಿಕೊಂಡಿತು. ಅದರ ಸ್ಥಾಪಕ ನಿರ್ದೇಶಕಿ ಅವರೇ. ಮಾವಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 2018ರಲ್ಲಿ ಆರಂಭವಾದ ಅಧ್ಯಯನ, 45 ವರ್ಷ ದಾಟಿದ 10,000 ಹಳ್ಳಿಗರನ್ನು ವರ್ಷಾನುಗಟ್ಟಲೆ ಹಿಂಬಾಲಿಸುವ ಸಂಕಲ್ಪದಿಂದ ಹೊರಟಿತು. ಅವರ ರಕ್ತ, ಹೃದಯ, ನೆನಪು, ಮಿದುಳಿನ ಚಿತ್ರ ಎಲ್ಲವನ್ನೂ ಕಾಲಕಾಲಕ್ಕೆ ಪರೀಕ್ಷಿಸುವುದು ಅದರ ಕ್ರಮ.

ಇದರ ಅಗತ್ಯವೇನೆಂದು ಕೇಳಬಹುದು. ಆಲ್ಜೈಮರ್ ಬಗ್ಗೆ ಜಗತ್ತು ತಿಳಿದಿರುವುದರಲ್ಲಿ ಹೆಚ್ಚಿನ ಭಾಗ ಐರೋಪ್ಯರ ಮಿದುಳಿನಿಂದ ಬಂದದ್ದು. ಕಾಗದದ ಮೇಲೆ ಗಡಿಯಾರ ಬರೆಯಿರಿ ಎಂಬಂಥ ನೆನಪಿನ ಪರೀಕ್ಷೆಯನ್ನು ಪೆನ್ಸಿಲನ್ನೇ ಹಿಡಿಯದ ಕೈಗೆ ಕೊಟ್ಟರೆ ಯಾರನ್ನು ಪರೀಕ್ಷಿಸಿದಂತಾಯಿತು? ಅಕ್ಷರ ಬಾರದವರಿಗೂ ಒಪ್ಪುವಂತೆ, ಅವರ ಮಾತಿನಲ್ಲಿಯೇ ಕೇಳುವ ಪರೀಕ್ಷೆಗಳು ಬೇಕು. ಕಾಯಿಲೆಯ ಬೀಜ ಬೀಳುವುದು ಲಕ್ಷಣ ತೋರುವುದಕ್ಕಿಂತ ಹತ್ತು ಹದಿನೈದು ವರ್ಷ ಮೊದಲು. ಸಾರಿಗೆ ಎರಡು ಸಲ ಉಪ್ಪು ಬೀಳುವ ಹೊತ್ತಿಗೆ ಬಹಳ ನೀರು ಹರಿದುಹೋಗಿರುತ್ತದೆ. ಆದ್ದರಿಂದಲೇ 45ರ ವಯಸ್ಸಿನಿಂದ ನೋಡಬೇಕು. ಯಾರ ಮಿದುಳು ಸೋಲುತ್ತದೆ, ಯಾರದು ಕೊನೆಯವರೆಗೆ ಗಟ್ಟಿಯಾಗಿರುತ್ತದೆ, ಏಕೆ ಎಂಬ ಉತ್ತರ ಮಾವಿನ ತೋಪುಗಳ ಆ ಹಳ್ಳಿಗಳಿಂದ ಬಂದರೆ ಮುಂದಿನ ಮದ್ದು ನಮ್ಮವರ ಮೈಗೂ ಒಗ್ಗುವ ಮದ್ದಾದೀತು. ಈ ಕೆಲಸಕ್ಕೆ ಅವಸರ ಒಗ್ಗದು. ಒಂದು ತಲೆಮಾರಿನ ತಾಳ್ಮೆ ಬೇಕು.

ಮತ್ತೆ ಅದೇ ಪಡಸಾಲೆ

ಪುಡಿಯ ಡಬ್ಬಿ ಈಗ ಕಪಾಟಿನಲ್ಲಿಲ್ಲ. ಬೀಗರಿಗೆ ನೋವಾಗದಂತೆ ಮಾವ ಫೋನಿನಲ್ಲಿ ತಿಳಿಸಿದರು. ಅಜ್ಜಿಯ ಕಿವಿಗೆ ಒಂದು ಯಂತ್ರ ಬಂದಿದೆ. ಮೊದಲ ವಾರ ಅದನ್ನು ಮೂರು ಸಲ ಕಿತ್ತೆಸೆದಳು, ಈಗ ಒಗ್ಗಿದೆ. ಸಕ್ಕರೆ ಹತೋಟಿಯಲ್ಲಿದೆ. ವೈದ್ಯರು ಬರೆದ ಗುಳಿಗೆ ನಡೆಯುತ್ತಿದೆ. ಕಾಯಿಲೆ ಹೋಗಿಲ್ಲ, ಹೋಗುವುದೂ ಇಲ್ಲವೆಂದು ನಮಗೆ ತಿಳಿದಿದೆ. ಆದರೆ ಸಂಜೆಯ ಗಂಟು ಕಟ್ಟುವುದು ಕಡಿಮೆಯಾಗಿದೆ. “ಅವ್ವ ದಾರಿ ನೋಡತಿರತಾಳ” ಎಂದರೆ ಈಗ ಯಾರೂ “ಅವ್ವ ಸತ್ತು ಎಷ್ಟೋ ವರ್ಷ ಆತು” ಎಂದು ತಿದ್ದುವುದಿಲ್ಲ. ಪ್ರತಿಸಲವೂ ಆ ಸಾವು ಆಕೆಗೆ ಹೊಸದು. ಮಾವನ ಸೊಸೆ “ನಿಮ್ಮವ್ವ ಏನು ಅಡಿಗಿ ಮಾಡತಿದ್ದಳು, ಅಮ್ಮಾ?” ಎಂದು ಕೇಳುತ್ತಾಳೆ. ನಮ್ಮ ಮನೆಯಲ್ಲಿ ತಾಯಿಗೆ ಅವ್ವ, ಅಜ್ಜಿಗೆ ಅಮ್ಮ ಎನ್ನುವುದು ವಾಡಿಕೆ. ಅಜ್ಜಿ ಜೋಳದ ರೊಟ್ಟಿಯಿಂದ ತೊಡಗಿ ಹೇಳುತ್ತ ಹೋಗುತ್ತಾಳೆ. ಹೊತ್ತು ಮುಳುಗಿದ್ದು ತಿಳಿಯುವುದಿಲ್ಲ.

ಕಳೆದ ಭಾನುವಾರ ಪಡಸಾಲೆಯಲ್ಲಿ ಮನೆಖರ್ಚಿನ ಮೆಣಸಿನಕಾಯಿ ಸುರಿದಿದ್ದರು. ಕಡ್ಡಿಯೂ ಡಬ್ಬಿಯೂ ಬೆರೆತು ಬಂದಿತ್ತು. ಅಜ್ಜಿಯನ್ನು ಯಾರೂ ಕರೆಯಲಿಲ್ಲ. ತಾನೇ ಬಂದು ರಾಶಿಯ ಮುಂದೆ ಕುಳಿತಳು. ಉದ್ದಕ್ಕೆ ಸುಕ್ಕುಗಟ್ಟಿದ ಕಡ್ಡಿ ಈ ಕಡೆ, ಗಿಡ್ಡಗೆ ಉಬ್ಬಿದ ಡಬ್ಬಿ ಆ ಕಡೆ. ಕಣ್ಣು ಬೇರೆಲ್ಲೋ ಇತ್ತು, ಬೆರಳು ತಪ್ಪಲಿಲ್ಲ. ತೊಟ್ಟು ಬಿಡಿಸುವ ಸದ್ದು ಒಂದೇ ಲಯದಲ್ಲಿ ಕೇಳುತ್ತಿತ್ತು. ಕೈ ಕಲಿತ ವಿದ್ಯೆ ಮಿದುಳಿನ ಬೇರೆಯೇ ಕೋಣೆಯಲ್ಲಿ ಇರುತ್ತದೆ, ಅದು ಬಹಳ ಕಾಲ ಉಳಿಯುತ್ತದೆ ಎಂದು ಓದಿದ್ದೆ. ಅಂದು ಕಣ್ಣಾರೆ ಕಂಡೆ.

ನಾನೂ ಎದುರಿಗೆ ಕುಳಿತು ತೊಟ್ಟು ಬಿಡಿಸತೊಡಗಿದೆ. ಸ್ವಲ್ಪ ಹೊತ್ತಿನಲ್ಲಿ ಆಕೆ ತಲೆಯೆತ್ತಿದಳು. ಅದೇ ದಿಟ್ಟ ನೋಟ, ಅದೇ ಪ್ರಶ್ನೆ.

“ನೀ ಯಾರ ಪೈಕಿ?”

“ನಿನ್ನ ಪೈಕಿನ, ಅಮ್ಮಾ.”

“ಹೌದಲ್ಲ, ಮತ್ತ” ಎಂದಳು. ನನ್ನ ಕೈಯಲ್ಲಿದ್ದ ಮೆಣಸಿನಕಾಯಿಯನ್ನು ತೆಗೆದುಕೊಂಡು ನೋಡಿ, ನಾನು ತಪ್ಪಾಗಿ ಹಾಕಿದ್ದ ರಾಶಿಯಿಂದ ಸರಿಯಾದ ರಾಶಿಗೆ ಹಾಕಿದಳು.